ಎದುರುಬದುರು ತಿರುಗುವ ಹಲ್ಲುಗಳು

ಮಂಡ್ಯ ಸೀಮೆಯ ಆಲೆಮನೆಗೆ ಹೋದವರ ಕಣ್ಣು ಮೊದಲು ನೆಡುವುದು ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುವ ಕಬ್ಬಿನ ಹಾಲಿನ ಮೇಲೆ. ಅಷ್ಟು ಹಾಲು ಹಿಂಡಿಕೊಟ್ಟ ಗಾಣ ಪಕ್ಕದಲ್ಲೇ ಇರುತ್ತದೆ. ಅದರ ಬದಿಗೆ ಹೋಗಿ ನೋಡಬೇಕು. ಕಪ್ಪು ಗ್ರೀಸ್ ಮೆತ್ತಿದ ಮೂರು ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಂಡು ನಿಧಾನಕ್ಕೆ ಉರುಳುತ್ತಿರುತ್ತವೆ. ಮೇಲಿನದು ಒಂದು ದಿಕ್ಕಿಗೆ ಸುತ್ತಿದರೆ ಕೆಳಗಿನೆರಡು ಅದಕ್ಕೆ ಎದುರು ದಿಕ್ಕಿಗೆ.

ಹೊರಮೈಯಲ್ಲಿ ಹಲ್ಲಿರುವ ಎರಡು ಚಕ್ರ ಕೂಡಿದರೆ ಹೀಗೆ ಎದುರುಬದುರು ತಿರುಗಲೇಬೇಕು. ಕಬ್ಬನ್ನು ಎಳೆದುಕೊಂಡು ಅರೆಯುವ ಉರುಳೆಗಳಿಗೆ ಬೇಕಾದದ್ದೂ ಅದೇ. ಹಾಗಾಗಿ ಗಾಣಕ್ಕೂ ಹಲ್ಲಿಗೂ ನಂಟು ಬಹಳ ಹಳೆಯದು. ಭಾರತದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ರಾಟೆ ಮತ್ತು ಕಬ್ಬಿನ ಗಾಣದಲ್ಲಿ ಮರದ ಎರಡು ಉರುಳೆಗಳ ತುದಿಗೆ ತಿರುಪಿನಂಥ ಸುರುಳಿ ಕೆತ್ತಿ, ಒಂದು ತಿರುಗಿದರೆ ಇನ್ನೊಂದೂ ತಿರುಗುವಂತೆ ಮಾಡಿದ್ದರು.

ಲೋಹದ ಹಲ್ಲುಚಕ್ರದ ಚರಿತ್ರೆಯೂ ದೀರ್ಘ. ಗ್ರೀಸ್‌ನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ, ಎರಡು ಸಾವಿರ ವರ್ಷ ಹಳೆಯ ಯಂತ್ರದಲ್ಲಿ ಕಂಚಿನ 30 ಚಕ್ರಗಳು ಉಳಿದಿವೆ. ಅದು ಗ್ರಹಗತಿ ಲೆಕ್ಕ ಹಾಕುವ ಯಂತ್ರ. ಅದರ ಹಲ್ಲುಗಳು ಬರೀ ತ್ರಿಕೋನ. ಲೆಕ್ಕಕ್ಕೆ ಅಷ್ಟು ಸಾಕಿತ್ತು. ಭಾರ ಹೊರುವ ಕೆಲಸಕ್ಕೆ ಸಾಲದು: ತ್ರಿಕೋನದ ಹಲ್ಲು ನೂಕುವಾಗ ಎದುರಿನ ಚಕ್ರ ಒಮ್ಮೆ ಮುಗ್ಗರಿಸುತ್ತದೆ, ಒಮ್ಮೆ ಓಡುತ್ತದೆ. ಆ ಕುಲುಕಿಗೆ ಹಲ್ಲು ಸವೆಯುತ್ತದೆ, ಮುರಿಯುತ್ತದೆ.

ಪರಿಹಾರ ಹೊಳೆದದ್ದು ಗಣಿತಜ್ಞರಿಗೆ. ದಾರದ ರೀಲೊಂದನ್ನು ಅಲ್ಲಾಡದಂತೆ ಹಿಡಿದು, ದಾರವನ್ನು ಬಿಗಿಯಾಗಿ ಎಳೆದುಕೊಂಡೇ ಬಿಚ್ಚುತ್ತ ಹೋದರೆ ಅದರ ತುದಿ ಗಾಳಿಯಲ್ಲಿ ಒಂದು ಬಾಗುಗೆರೆ ಬರೆಯುತ್ತದೆ. ಅದೇ ಇನ್ವಾಲ್ಯೂಟ್. ಹಲ್ಲಿನ ಪಕ್ಕಕ್ಕೆ ಈ ಗೆರೆ ಕೊಟ್ಟರೆ ವೇಗ ಒಂದೇ ಸಮನಾಗಿ ದಾಟುತ್ತದೆ ಎಂಬುದನ್ನು 18ನೇ ಶತಮಾನದಲ್ಲಿ ಸ್ವಿಟ್ಜರ್‌ಲೆಂಡ್ ಮೂಲದ ಲಿಯೊನಾರ್ಡ್ ಆಯ್ಲರ್ ವಿವರಿಸಿದರು. ಇದಕ್ಕೆ ಇನ್ನೊಂದು ದೊಡ್ಡ ಗುಣವಿದೆ. ಎರಡು ಚಕ್ರಗಳ ನಡುವಿನ ಅಂತರ ತುಸು ಹೆಚ್ಚಾದರೂ ವೇಗದ ಅನುಪಾತ ಕೆಡುವುದಿಲ್ಲ. ಶಾಫ್ಟ್ ಕೂರುವ ಬುಷ್ ಸವೆದ ಯಂತ್ರವೂ ಓಡುವುದಕ್ಕೆ ಈ ಗೆರೆಯೇ ಕಾರಣ.

1892ರಲ್ಲಿ ಅಮೆರಿಕದ ವಿಲ್‌ಫ್ರೆಡ್ ಲೂಯಿಸ್ ಒಂದು ಹಲ್ಲು ಎಷ್ಟು ಭಾರ ತಡೆದೀತು ಎಂದು ಲೆಕ್ಕಿಸುವ ಸೂತ್ರ ಕೊಟ್ಟರು. 1897ರಲ್ಲಿ ಜರ್ಮನಿಯ ಹರ್ಮನ್ ಫೌಟರ್ ಹಲ್ಲು ಕೊರೆಯುವ ಹಾಬಿಂಗ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಅಷ್ಟರಲ್ಲಾಗಲೇ ನಮ್ಮ ದೇಶದ ಗಾಣ ಮರದಿಂದ ಕಬ್ಬಿಣಕ್ಕೆ ಬದಲಾಗತೊಡಗಿತ್ತು. ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮೈಲ್ನ್ 1870ರ ದಶಕದಲ್ಲಿ ತಯಾರಿಸಿದ, ಎತ್ತು ಎಳೆಯುವ ಕಬ್ಬಿಣದ ಗಾಣ ಉತ್ತರ ಭಾರತದ ಹೊಲಗಳಲ್ಲಿ ಹಬ್ಬಿತು. ಇಂದು ಎತ್ತಿನ ಜಾಗದಲ್ಲಿ ಮೋಟರ್ ಇದೆ.

ಮೋಟರ್ ವೇಗವಾಗಿ ಸುತ್ತುತ್ತದೆ, ಉರುಳೆಗೆ ಬೇಕಾದದ್ದು ಬಲ. ಚಿಕ್ಕ ಚಕ್ರಕ್ಕೆ 18 ಹಲ್ಲು, ದೊಡ್ಡದಕ್ಕೆ 72 ಇದ್ದರೆ ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಉಜ್ಜಾಟದಲ್ಲಿ ಕಳೆದುಹೋಗುವುದನ್ನು ಬಿಟ್ಟರೆ ತಿರುಚುವ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ ಹಲ್ಲು ಎಣಿಸಿದ ಮಾತ್ರಕ್ಕೆ ಚಕ್ರ ಕೊಳ್ಳುವಂತಿಲ್ಲ. ಎರಡರ ಮಾಡ್ಯೂಲ್ ಒಂದೇ ಇರಬೇಕು. ಪಿಚ್ ವ್ಯಾಸವನ್ನು (ಎರಡು ಚಕ್ರ ಕೂಡುವೆಡೆ ಹಾದುಹೋಗುವ ಕಾಲ್ಪನಿಕ ವೃತ್ತದ ವ್ಯಾಸ) ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಅಳತೆ ಅದು. 18 ಹಲ್ಲಿಗೆ 144 ಮಿ.ಮೀ. ಇದ್ದರೆ ಮಾಡ್ಯೂಲ್ 8. ಹಲ್ಲು ಹಲ್ಲನ್ನು ನೂಕುವ ಓರೆ, ಅಂದರೆ ಒತ್ತಡದ ಕೋನವೂ ಹೊಂದಬೇಕು: ಹಳೆಯ ಯಂತ್ರಗಳಲ್ಲಿ ಹದಿನಾಲ್ಕೂವರೆ ಡಿಗ್ರಿ, ಹೊಸದರಲ್ಲಿ ಸಾಮಾನ್ಯವಾಗಿ 20. ಇವೆರಡನ್ನು ಜೋಡಿಸಿದರೆ ಮೊದಲ ದಿನವೇ ಕರಕರ ಸದ್ದು ಶುರು. 20 ಡಿಗ್ರಿಯಲ್ಲೂ 17ಕ್ಕಿಂತ ಕಡಿಮೆ ಹಲ್ಲಿಟ್ಟರೆ, ವಿಶೇಷ ತಿದ್ದುಪಡಿ ಮಾಡದಿದ್ದಲ್ಲಿ, ಬುಡ ಕೊರೆದು ತೆಳ್ಳಗಾಗುತ್ತದೆ.

ಹಳೆಯ ಗಿರಣಿ ಕಸುಬುದಾರರು ಇನ್ನೊಂದು ಜಾಣತನ ಬಲ್ಲವರು. 72ರ ಬದಲು 73 ಹಲ್ಲು ಮಾಡುತ್ತಿದ್ದರು. ಆಗ ಅದೇ ಜೋಡಿ ಹಲ್ಲು ಮತ್ತೆ ಮತ್ತೆ ಎದುರಾಗದೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲನ್ನೂ ಸರದಿಯಂತೆ ಮುಟ್ಟುತ್ತದೆ. ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಹಲ್ಲನ್ನು ಓದಲು ಬಂದರೆ ಯಂತ್ರದ ಕಾಯಿಲೆ ತಾನಾಗಿ ತಿಳಿಯುತ್ತದೆ. ಒಂದೇ ಅಂಚು ಹೊಳೆಯುತ್ತಿದ್ದರೆ ಶಾಫ್ಟ್‌ಗಳು ಸಮಾನಾಂತರವಾಗಿಲ್ಲ. ಹಲ್ಲಿನ ನಡುಭಾಗದಲ್ಲಿ ಸಣ್ಣ ಕುಳಿ ಬಿದ್ದಿದ್ದರೆ ಲೋಹ ದಣಿದಿದೆ. ಗೀರು ಎದ್ದಿದ್ದರೆ ಗ್ರೀಸ್ ಒಣಗಿದೆ. ಬುಡದಲ್ಲಿ ಬಿರುಕು ಕಂಡರೆ ಅತಿಭಾರ. ಗಾಣಕ್ಕೆ ಒಮ್ಮೆಲೇ ಕಂತೆ ತುರುಕಿದಾಗ ಹೀಗಾಗುತ್ತದೆ. ಕೆಲವು ಹಲ್ಲಿಗೆ ನೀಲಿ ಬಣ್ಣ ಸವರಿ ಕೈಯಿಂದ ಒಂದು ಸುತ್ತು ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಎಂಬ ಗುರುತು ಎದುರಿನ ಚಕ್ರದ ಮೇಲೆ ಮೂಡುತ್ತದೆ. ಗುರುತು ಹಲ್ಲಿನ ಅಗಲಕ್ಕೆ ಹರಡಿರಬೇಕು.

ಆಲೆಮನೆಯಲ್ಲಿ ಗ್ರೀಸ್‌ಗೆ ಸಿಪ್ಪೆಯ ಪುಡಿ, ಮಣ್ಣು ಅಂಟಿದರೆ ಅದೇ ಮರಳುಕಾಗದದಂತೆ ಹಲ್ಲು ತಿನ್ನುತ್ತದೆ. ಕಬ್ಬಿನ ಹಾಲಿನ ಹುಳಿಗೆ ತುಕ್ಕು ಹಿಡಿಯುತ್ತದೆ. ಹಳೆಯದರ ಮೇಲೆ ಹೊಸ ಗ್ರೀಸ್ ಬಳಿದರೆ ಪ್ರಯೋಜನವಿಲ್ಲ. ಯಂತ್ರ ನಿಲ್ಲಿಸಿ ಕೆರೆದು ತೆಗೆದ ಮೇಲೆಯೇ ಹೊಸದು ಹಚ್ಚಬೇಕು. ಸವೆದ ಚಕ್ರದ ಜೊತೆ ಹೊಸದನ್ನು ಕೂಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಜೋಡಿಯಾಗಿಯೇ ಬದಲಿಸಬೇಕು, ಅದಕ್ಕೂ ಮೊದಲು ಬುಷ್ ನೋಡಬೇಕು.

ಕೊನೆಯದಾಗಿ ಮುಚ್ಚಳ. ಹಲ್ಲಿನ ಸಂದಿಗೆ ಸಿಕ್ಕಿದ ಬಟ್ಟೆಯ ತುದಿ ಕೈಯನ್ನೂ ಎಳೆದುಕೊಳ್ಳುತ್ತದೆ. ಹಲ್ಲುಚಕ್ರಗಳನ್ನು ಪೂರ್ತಿ ಮುಚ್ಚಿರಬೇಕು ಎಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 26ನೇ ಕಲಂ ಹೇಳುತ್ತಿತ್ತು. ಕಾಯ್ದೆಯ ಕೈಗೆ ಬಾರದ ಸಣ್ಣ ಗಾಣದ ಮಾಲೀಕರೂ ತಗಡಿನ ಒಂದು ಮುಚ್ಚಳ ಮಾಡಿಸಲಿ. ಅದು ಸಿಪ್ಪೆಯ ಪುಡಿಯನ್ನು ಹಲ್ಲಿನಿಂದ ದೂರವಿಡುತ್ತದೆ, ಕಬ್ಬು ಕೊಡುವವರ ಬೆರಳನ್ನೂ ಉಳಿಸುತ್ತದೆ.