ಕಾರುಗಳ ಮೇಲೆ ನಿಂತ ಕಚೇರಿ

ನಗರದ ಕಚೇರಿ ಕಟ್ಟಡವೊಂದನ್ನು ಗಮನಿಸಿ. ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆ ಗೋಡೆಗಳ ಕೊಠಡಿಗಳು. ನೆಲ ಅಂತಸ್ತಿನಲ್ಲಿ ಕಾರು ನಿಲ್ಲಿಸಲು ಜಾಗ ಬಿಟ್ಟು ಬರೀ ಕಂಬಗಳು. ಕಟ್ಟಡದ ಭಾರ ಹೊರಲು ಈ ಕಂಬಗಳು ಸಾಕು. ಆದರೆ ನೆಲವೇ ಅಡ್ಡಡ್ಡಲಾಗಿ ಅಲುಗಿದರೆ?

2001ರ ಜನವರಿ 26ರ ಗುಜರಾತ್ ಭೂಕಂಪ ಇದಕ್ಕೆ ಉತ್ತರ ನೀಡಿತು. ಅಧಿಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಕುಸಿದವುಗಳಲ್ಲಿ ಅನೇಕವು ನೆಲ ಅಂತಸ್ತನ್ನು ವಾಹನಗಳಿಗೆಂದು ತೆರೆದಿಟ್ಟ ವಸತಿ ಕಟ್ಟಡಗಳು. ಕಚೇರಿಯಾದರೂ ತತ್ವ ಅದೇ.

ನೆಲ ಸರಿದಾಗ ಮೇಲಿನ ಅಂತಸ್ತುಗಳು ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತವೆ. ಅವುಗಳಿಂದ ಉಂಟಾಗುವ ಅಡ್ಡಬಲವೆಲ್ಲ ನೆಲ ಅಂತಸ್ತಿನ ಮೂಲಕವೇ ತಳಪಾಯಕ್ಕೆ ಇಳಿಯಬೇಕು. ಗೋಡೆಗಳಿರುವ ಅಂತಸ್ತು ಬಿಗಿಯಾದ ಸ್ಪ್ರಿಂಗ್ ಇದ್ದಂತೆ. ಬರೀ ಕಂಬಗಳದು ಮೃದುವಾದ ಸ್ಪ್ರಿಂಗ್. ಎರಡನ್ನೂ ಸಾಲಾಗಿ ಜೋಡಿಸಿ ಎಳೆದರೆ ಹೆಚ್ಚು ಹಿಗ್ಗುವುದು ಯಾವುದೆಂದು ನಿಮಗೆ ಗೊತ್ತು. ಹೀಗಾಗಿ ಬಾಗುವಿಕೆಯೆಲ್ಲ ಕೆಳಗಿನ ಕಂಬಗಳ ಪಾಲಾಗುತ್ತದೆ. ಇದನ್ನೇ 'ಮೃದು ಅಂತಸ್ತು' ಎನ್ನುತ್ತಾರೆ.

ಕಂಬದ ಬಿಗಿತವು ಎತ್ತರದ ಘನಕ್ಕೆ ವಿಲೋಮಾನುಪಾತದಲ್ಲಿದೆ. 3 ಮೀಟರ್ ಕಂಬವನ್ನು 4 ಮೀಟರಿಗೆ ಏರಿಸಿದರೆ ಬಿಗಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇನ್ನೂ ಒಂದು ಅಪಾಯವಿದೆ. 1000 ಟನ್ ಭಾರದ ಮೇಲ್ಭಾಗ 10 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ, ಗುರುತ್ವವೇ 100 ಟನ್-ಮೀಟರ್‌ನಷ್ಟು ಹೆಚ್ಚುವರಿ ಭ್ರಾಮಕವನ್ನು ಕಂಬಗಳ ಮೇಲೆ ಹೇರುತ್ತದೆ.

ಹಾಗಾದರೆ ಪರಿಹಾರ? ಚೌಕ ಕಂಬದ ಬಿಗಿತ ಅದರ ಬಾಹುವಿನ ನಾಲ್ಕನೇ ಘಾತದಂತೆ ಏರುತ್ತದೆ. 30 ಸೆಂಟಿಮೀಟರ್ ಬಾಹುವನ್ನು 45 ಮಾಡಿದರೆ ಬಿಗಿತ ಸುಮಾರು ಐದು ಪಟ್ಟು. ಇನ್ನೂ ಉತ್ತಮ ಮಾರ್ಗವೆಂದರೆ ತಳಪಾಯದಿಂದ ಮೇಲಿನವರೆಗೆ ಕೆಲವು ಕಾಂಕ್ರೀಟ್ ಗೋಡೆಗಳನ್ನು ಎಬ್ಬಿಸುವುದು. ಅವು ಎರಡೂ ದಿಕ್ಕುಗಳಲ್ಲಿ ಸಮತೋಲವಾಗಿರಬೇಕು. ಒಂದೇ ಮೂಲೆಯಲ್ಲಿದ್ದರೆ ಕಟ್ಟಡ ತಿರುಚಿಕೊಳ್ಳುತ್ತದೆ. ಕಂಬದೊಳಗಿನ ಉಕ್ಕಿನ ಉಂಗುರಗಳು ಒತ್ತಾಗಿದ್ದು, ತುದಿಗಳು 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿನಲ್ಲಿ ಹೂತಿರಬೇಕು. ಇಲ್ಲವಾದರೆ ನಡುಗುವಾಗ ಉಂಗುರ ಬಿಚ್ಚಿಕೊಂಡು ಕಾಂಕ್ರೀಟು ಉದುರುತ್ತದೆ. ಭೂಕಂಪದ ನಂತರ, 2002ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐ.ಎಸ್. 1893 ಮೃದು ಅಂತಸ್ತಿಗೆ ವಿಶೇಷ ನಿಯಮಗಳನ್ನು ವಿಧಿಸಿತು. 2016ರ ಪರಿಷ್ಕರಣೆ ಅವನ್ನು ಬದಲಿಸಿ ಇಂಥ ಗೋಡೆಗಳಿಗೆ ಒತ್ತು ನೀಡಿತು.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿ. ಉಕ್ಕಿನ ಅಳತೆಪಟ್ಟಿಯನ್ನು ಮೇಜಿನಂಚಿನಿಂದ 10 ಸೆಂಟಿಮೀಟರ್ ಹೊರಚಾಚಿ ಒತ್ತಿಹಿಡಿದು, ತುದಿಗೆ ಸಣ್ಣ ತೂಕ ಕಟ್ಟಿ ಬಾಗನ್ನು ಅಳೆಯಿರಿ. ಅನಂತರ 20 ಸೆಂಟಿಮೀಟರ್ ಚಾಚಿ ನೋಡಿ. ಬಾಗು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು! ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಕಾಲಿಟ್ಟಾಗ ತಲೆಯ ಮೇಲಿನ ಭಾರವನ್ನಷ್ಟೇ ಅಲ್ಲ, ಸುತ್ತಲಿನ ಕಂಬಗಳನ್ನೂ ಒಮ್ಮೆ ನೋಡಿ.