ಪೈಪಿನೊಳಗಿನ ಸೋಡಾ ನೀರು: ಉಕ್ಕು ತಿನ್ನುವ ಕಾರ್ಬನ್ ಡೈ ಆಕ್ಸೈಡ್

ಜುಬೈಲ್, ದಮ್ಮಾಮ್ ಕಡೆ ಶಟ್‌ಡೌನ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರ ಬಾಯಲ್ಲಿ "ಲೈನ್ ತಿಂದು ಹೋಗಿದೆ" ಅನ್ನೋ ಮಾತು ಆಗಾಗ ಬರುತ್ತದೆ. ಊರಲ್ಲಿರುವ ಮನೆಯವರಿಗೆ ಆಶ್ಚರ್ಯ, ಅಷ್ಟು ದಪ್ಪದ ಉಕ್ಕಿನ ಪೈಪನ್ನು ತಿನ್ನುವವರು ಯಾರು ಅಂತ. ನಾನು ಲೆಕ್ಕ ಬರೆಯುವವನು, ಇಂಜಿನಿಯರ್ ಅಲ್ಲ. ಪೈಪ್ ಬದಲಿಸಿದ ಬಿಲ್ಲುಗಳು ನನ್ನ ಮೇಜಿಗೇ ಬರುವುದರಿಂದ ಒಂದಿಷ್ಟು ಓದಿಕೊಂಡಿದ್ದೇನೆ.

ಉಡುಪಿ, ಮಂಗಳೂರಲ್ಲಿ ಮನೆ ಗೇಟು ತುಕ್ಕು ಹಿಡಿಯುವುದು ಗಾಳಿಯ ಆಮ್ಲಜನಕ, ತೇವ, ಉಪ್ಪಿನಿಂದ. ಗ್ಯಾಸ್ ಪೈಪಿನೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಮ್ಮಿ. ಅಲ್ಲಿ ಕಳ್ಳ ಬೇರೆ. ಬಾವಿಯಿಂದ ಗ್ಯಾಸ್ ಜೊತೆ ಕಾರ್ಬನ್ ಡೈ ಆಕ್ಸೈಡ್ ಬರುತ್ತದೆ, ನೀರೂ ಬರುತ್ತದೆ. ಎರಡೂ ಸೇರಿದರೆ ಕಾರ್ಬಾನಿಕ್ ಆಮ್ಲ, ಅಂದರೆ ನಮ್ಮ ಗೋಲಿ ಸೋಡಾದಲ್ಲಿ ಇರುವುದೇ. ಕುಡಿದರೆ ಒಂದು ತೇಗು ಅಷ್ಟೇ. ಆದರೆ ಒತ್ತಡ, ಬಿಸಿ ಸೇರಿಕೊಂಡು ವರ್ಷಗಟ್ಟಲೆ ಹರಿದರೆ ಕಾರ್ಬನ್ ಸ್ಟೀಲಿನ ಕಬ್ಬಿಣ ಕರಗುತ್ತದೆ. ಇದಕ್ಕೆ 'ಸ್ವೀಟ್ ಕೊರೋಷನ್' ಅಂತ ಹೆಸರು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡಿನದ್ದು 'ಸೋರ್'.

ಬಿಸಿ ಏರಿದಂತೆ ತಿನ್ನುವ ವೇಗವೂ ಏರುತ್ತದೆ. ಸುಮಾರು 60-80 ಡಿಗ್ರಿ ದಾಟಿದ ಮೇಲೆ ಐರನ್ ಕಾರ್ಬೋನೇಟ್ ಪದರ ಗಟ್ಟಿಯಾಗಿ ಕೂತು ಉಕ್ಕನ್ನು ಕಾಯುವುದೂ ಉಂಟು. ಆ ಪದರ ಒಂದು ಕಡೆ ಕಿತ್ತುಹೋದರೆ ಅಲ್ಲೇ ಗುಂಡಿ.

ಲೆಕ್ಕ ನೋಡಿ. ಸವೆತಕ್ಕೆ ಅಂತಲೇ ಪೈಪಿಗೆ 3 ಮಿಲಿಮೀಟರ್ ಹೆಚ್ಚು ದಪ್ಪ ಕೊಡುವುದು ರೂಢಿ. ವರ್ಷಕ್ಕೆ 0.1 ಮಿಲಿಮೀಟರ್ ಹೋದರೆ 30 ವರ್ಷ ಬಾಳಿಕೆ. ತಡೆ ರಾಸಾಯನಿಕ, ಅಂದರೆ ಇನ್‌ಹಿಬಿಟರ್, ಹಾಕುವ ಪಂಪು ನಿಂತು ವೇಗ 3 ಮಿಲಿಮೀಟರಿಗೆ ಏರಿತೋ, ಒಂದೇ ವರ್ಷ! ನಾವು ಪುಸ್ತಕದಲ್ಲಿ ಹಾಕುವ ಡಿಪ್ರಿಸಿಯೇಷನ್ ಎಲ್ಲಾ ವರ್ಷವೂ ಸಮ, ಪೈಪಿನದ್ದು ಹಾಗಲ್ಲ. 13 ಶೇಕಡಾ ಕ್ರೋಮಿಯಂ ಇರುವ ಉಕ್ಕು ಚೆನ್ನಾಗಿ ತಡೆಯುತ್ತದೆ, ಆದರೆ ದುಬಾರಿ. ಉದ್ದದ ಲೈನಿಗೆ ಕಾರ್ಬನ್ ಸ್ಟೀಲೇ ಗತಿ.

ನೀರಿಲ್ಲದಿದ್ದರೆ ಈ ಅನಿಲ ಉಕ್ಕಿಗೆ ಏನೂ ಮಾಡದು. ಅರಾಮ್ಕೊ 2015ರಿಂದ ಹವಿಯಾ ಗ್ಯಾಸ್ ಸ್ಥಾವರದಲ್ಲಿ ದಿನಕ್ಕೆ 4 ಕೋಟಿ ಘನ ಅಡಿ ಕಾರ್ಬನ್ ಡೈ ಆಕ್ಸೈಡ್ ಹಿಡಿದು, 85 ಕಿಲೋಮೀಟರ್ ಪೈಪಿನಲ್ಲಿ ಘವಾರ್ ಎಣ್ಣೆಕ್ಷೇತ್ರದ ಉತ್ಮಾನಿಯಾಕ್ಕೆ ಕಳಿಸಿ, ಎಣ್ಣೆ ಮೇಲೆತ್ತಲು ಭೂಮಿಗೆ ತುಂಬುವ ಯೋಜನೆ ನಡೆಸುತ್ತಿದೆ. ಇಂಥ ಲೈನುಗಳಲ್ಲಿ ಅನಿಲವನ್ನು ಮೊದಲು ಒಣಗಿಸುವುದಕ್ಕೆ ಇದೇ ಕಾರಣ.

ಇನ್ನು ಕೆಲಸಗಾರರಿಗೆ ಮುಖ್ಯವಾದ ಮಾತು. ಕಾರ್ಬನ್ ಡೈ ಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಸೋರಿದರೆ ಗುಂಡಿ, ಟ್ರೆಂಚಿನಲ್ಲಿ ಕೂರುತ್ತದೆ. ಗಾಳಿಯಲ್ಲಿ 4 ಶೇಕಡಾ ಆದರೇ ಜೀವಕ್ಕೆ ಅಪಾಯದ ಮಟ್ಟ. ಆಗಲೂ ಆಮ್ಲಜನಕ ಸುಮಾರು 20 ಶೇಕಡಾ ಇರುತ್ತದೆ, ಮೀಟರ್ ಕೂಗುವುದು ಸಾಮಾನ್ಯವಾಗಿ 19.5ರ ಕೆಳಗೆ. ಸೊಂಟಕ್ಕೆ ಕಟ್ಟುವ ನಾಲ್ಕು ಗ್ಯಾಸಿನ ಮೀಟರು ಅಳೆಯುವುದು ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಹೆಚ್ಚಿನವುಗಳಲ್ಲಿ ಕಾರ್ಬನ್ ಡೈ ಆಕ್ಸೈಡ್ ಸೆನ್ಸರೇ ಇರುವುದಿಲ್ಲ. ಅಂಥ ಲೈನಿನ ಹತ್ತಿರ ಗುಂಡಿಗಿಳಿಯುವ ಮೊದಲು ಅದಕ್ಕೆ ಬೇರೆ ಮೀಟರ್ ಇಟ್ಟಿದ್ದೀರಾ ಅಂತ ಪರ್ಮಿಟ್ ಕೊಡುವವರನ್ನು ಕೇಳಿ.