ಮೂಗಿನ ಶಸ್ತ್ರಚಿಕಿತ್ಸೆಗೆ ಮುನ್ನ

‘ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ’ ಎಂಬುದು ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಗಾದೆ. ಅಲ್ಪವಾದ ತೊಂದರೆಯನ್ನು ಕಳೆಯಹೋಗಿ ದೊಡ್ಡ ನಷ್ಟವನ್ನು ತಂದುಕೊಳ್ಳುವವನನ್ನು ಕುರಿತು ಆಡುವ ಮಾತಿದು. ಗಾದೆಯನ್ನು ಕಟ್ಟಿದವರು ಅದನ್ನು ಹಾಸ್ಯಕ್ಕಾಗಿಯೇ ಕಟ್ಟಿರಬೇಕು. ಆದರೆ ಮೂಗು ಕಟ್ಟುತ್ತದೆಂಬ ಕಾರಣಕ್ಕೆ ಮೂಗಿನೊಳಗಿನ ಭಾಗಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಈಗ ನಮ್ಮ ನಗರಗಳ ಆಸ್ಪತ್ರೆಗಳಲ್ಲಿ ನಿತ್ಯದ ಕೆಲಸವಾಗಿದೆ. ಅದರಿಂದ ಬಹುಮಂದಿ ಸುಖವಾಗಿ ಉಸಿರಾಡುತ್ತಿದ್ದಾರೆ. ಕೆಲವರಿಗೆ ಮಾತ್ರ ಗಾದೆಯ ಅರ್ಥವು ಸ್ವಂತ ಅನುಭವಕ್ಕೆ ಬಂದಿದೆ. ಈ ಕೆಲವರ ತೊಂದರೆ ಎಂಥದು, ಅದು ಏಕೆ ಬರುತ್ತದೆ, ಅದನ್ನು ತಪ್ಪಿಸಿಕೊಳ್ಳಲು ರೋಗಿಯಾದವನು ಮೊದಲೇ ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೂಗು ಮಾಡುವ ಕೆಲಸ

ಚಿಂಚೋಳಿ ತಾಲ್ಲೂಕಿನ ಐನಾಪುರವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಕಲಬುರಗಿ ಜಿಲ್ಲೆಯ ಈ ಭಾಗ ತೊಗರಿಯ ಸೀಮೆ. ಅಲ್ಲಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಕಡೆಗೆ ಸಾಗಿದರೆ ಸುಣ್ಣಕಲ್ಲಿನ ಸೀಮೆ. ಕಲ್ಲನ್ನು ಹಾಸುಗಲ್ಲಾಗಿ ಸೀಳುವ ಗಣಿಗಳೂ, ಅದನ್ನು ಅರೆದು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳೂ ಇಲ್ಲಿವೆ. ಸುಗ್ಗಿಯಲ್ಲಿ ತೊಗರಿಯ ರಾಶಿ ಮಾಡುವಾಗ ಏಳುವ ಹೊಟ್ಟು, ಗಣಿಯ ಕಲ್ಲುಪುಡಿ, ಬೇಸಗೆಯಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ಮೀರುವ ಒಣಗಾಳಿ, ಇವೆಲ್ಲವನ್ನೂ ಅಲ್ಲಿನ ಜನ ಉಸಿರಾಡಬೇಕು. ನಮ್ಮ ಶ್ವಾಸಕೋಶಕ್ಕಾದರೋ ಶುಚಿಯಾದ, ದೇಹದ ಉಷ್ಣತೆಗೆ ಸಮನಾದ, ನೀರಾವಿ ತುಂಬಿದ ಗಾಳಿಯೇ ಬೇಕು. ಹೊರಗಿನ ಆ ಗಾಳಿಯನ್ನು ಒಳಗಿನ ಈ ಗಾಳಿಯಾಗಿ ಮಾರ್ಪಡಿಸುವ ಹೊಣೆ ಮೂಗಿನದು. ಇದಕ್ಕೆ ಅದಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿಗಿಂತಲೂ ಕಡಮೆ. ದಿನವೊಂದಕ್ಕೆ ಅದು ಹೀಗೆ ಹದಗೊಳಿಸುವ ಗಾಳಿಯೋ ಸುಮಾರು ೧೦,೦೦೦ ಲೀಟರು.

ಮೂಗು ಬರಿಯ ಎರಡು ಕೊಳವೆಯಾಗಿದ್ದರೆ ಈ ಕಾರ್ಯ ಸಾಧ್ಯವಾಗುತ್ತಿರಲಿಲ್ಲ. ಅದರ ರಚನೆಯನ್ನು ನೋಡಿ. ನಡುವೆ ಮೃದ್ವಸ್ಥಿ ಮತ್ತು ಮೂಳೆಗಳಿಂದಾದ ಒಂದು ನಡುಗೋಡೆ. ಎರಡೂ ಕಡೆಯ ಹೊರಗೋಡೆಗಳಿಂದ ಒಳಕ್ಕೆ ಚಾಚಿಕೊಂಡ ಮೂರು ಮೂರು ಮಡಿಕೆಗಳು, ಮೇಲಿನದು, ನಡುವಿನದು, ಕೆಳಗಿನದು. ಒಳಗೆ ಸುರುಳಿಗೊಂಡ ತೆಳುವಾದ ಮೂಳೆ, ಅದರ ಮೇಲೆ ರಕ್ತನಾಳಗಳಿಂದ ತುಂಬಿದ ದಪ್ಪನಾದ ಲೋಳೆಪೊರೆ, ಇದು ಒಂದೊಂದು ಮಡಿಕೆಯ ಸ್ವರೂಪ. ವೈದ್ಯರು ಇವನ್ನು ಟರ್ಬಿನೇಟುಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಕೆಳಗಿನದೇ ದೊಡ್ಡದು.

ಗಾಳಿಯು ಈ ಮಡಿಕೆಗಳ ಸಂದಿನಲ್ಲಿ ತೆಳುವಾದ ಹಾಳೆಯಂತೆ ಹರಡಿ, ಪೊರೆಯನ್ನು ಉಜ್ಜಿಕೊಂಡು ಸಾಗುತ್ತದೆ. ತಣ್ಣನೆಯ ಗಾಳಿಯಾದರೆ ರಕ್ತದ ಶಾಖದಿಂದ ಬೆಚ್ಚಗಾಗುತ್ತದೆ. ದೇಹಕ್ಕಿಂತ ಬಿಸಿಯಾದ ಗಾಳಿಯಾದರೆ ಪೊರೆಯ ತೇವ ಆವಿಯಾಗಿ ಅದನ್ನು ತಂಪಾಗಿಸುತ್ತದೆ. ಧೂಳು ಲೋಳೆಗೆ ಅಂಟಿಕೊಳ್ಳುತ್ತದೆ. ಪೊರೆಯ ಮೇಲಿನ ಕಣ್ಣಿಗೆ ಕಾಣದ ರೋಮಾಂಗಗಳು ಸೆಕೆಂಡಿಗೆ ಹತ್ತು ಸಲಕ್ಕಿಂತಲೂ ಹೆಚ್ಚಾಗಿ ಬಡಿಯುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಮುಂಜಾನೆಯಿಂದ ರಾಶಿ ಮಾಡಿದ ರೈತನು ಸಂಜೆ ಸೀನಿದಾಗ ಕರ್ಚೀಫಿನ ಮೇಲೆ ಬೀಳುವ ಮಣ್ಣುಬಣ್ಣದ ಲೋಳೆಯೇ ಮೂಗಿನ ದಿನದ ದುಡಿಮೆಗೆ ಸಾಕ್ಷಿ.

ಎರಡು ಸುಲಭ ಪ್ರಯೋಗಗಳು

ಮೊದಲನೆಯದಕ್ಕೆ ತಣ್ಣಗಿರುವ ಒಂದು ಕನ್ನಡಿ ಸಾಕು. ಅದನ್ನು ಮೂಗಿನ ಕೆಳಗೆ ಮಟ್ಟವಾಗಿ ಹಿಡಿದು ಮೆಲ್ಲಗೆ ಉಸಿರು ಬಿಡಿ. ಮೂಡುವ ಎರಡು ಮಬ್ಬಿನ ಕಲೆಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಕೆಲವು ಗಂಟೆಗಳ ಬಳಿಕ ನೋಡಿದರೆ ದೊಡ್ಡದಾಗಿದ್ದ ಕಲೆ ಚಿಕ್ಕದಾಗಿಯೂ ಚಿಕ್ಕದು ದೊಡ್ಡದಾಗಿಯೂ ಇರಬಹುದು. ಮಡಿಕೆಗಳು ಒಂದು ಕಡೆ ಉಬ್ಬಿದಾಗ ಮತ್ತೊಂದು ಕಡೆ ಇಳಿಯುತ್ತವೆ. ನಮ್ಮ ಯೋಗಿಗಳು ಬಹು ಹಿಂದೆಯೇ ಗಮನಿಸಿದ್ದ ಈ ಸರದಿಯನ್ನು ೧೮೯೫ರಲ್ಲಿ ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ ಶಾಸ್ತ್ರೀಯವಾಗಿ ವರ್ಣಿಸಿದನು. ಆದಕಾರಣ ಒಂದು ಹೊಳ್ಳೆ ಆಗಾಗ ಕಟ್ಟಿದಂತಾಗುವುದು ರೋಗವಲ್ಲ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಪುದೀನದ ಸತ್ತ್ವವಾದ ಮೆಂಥಾಲನ್ನು ಮೂಸಿದರೆ ಮೂಗು ತೆರೆದುಕೊಂಡಂತೆ ಭಾಸವಾಗುತ್ತದೆ. ಆದರೆ ಉಪಕರಣವಿಟ್ಟು ಅಳೆದರೆ ಗಾಳಿಯ ದಾರಿ ಕೂದಲೆಳೆಯಷ್ಟೂ ಅಗಲವಾಗಿರುವುದಿಲ್ಲ! ಗಾಳಿ ಧಾರಾಳವಾಗಿ ಹೋಗುತ್ತಿದೆಯೆಂಬ ಸಮಾಧಾನವನ್ನು ಮಿದುಳಿಗೆ ಕೊಡುವುದು ಮುಖ್ಯವಾಗಿ ಪೊರೆಗೆ ತಗಲುವ ತಂಪು. ಆ ತಂಪನ್ನು ಅರಿಯುವ ನರತುದಿಗಳನ್ನು ಮೆಂಥಾಲ್ ಕೆರಳಿಸುತ್ತದೆ, ಅಷ್ಟೆ. ತಂಪಿಗೂ ಮೆಂಥಾಲಿಗೂ ಸ್ಪಂದಿಸುವ ಗ್ರಾಹಕವು ಒಂದೇ ಎಂಬುದನ್ನು ೨೦೦೨ರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಾಪೂಟಿಯನ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ತೋರಿಸಿಕೊಟ್ಟರು. ಉಷ್ಣ ಮತ್ತು ಸ್ಪರ್ಶಗಳ ಗ್ರಾಹಕಗಳನ್ನು ಕಂಡುಹಿಡಿದುದಕ್ಕಾಗಿ ೨೦೨೧ರ ನೊಬೆಲ್ ಪಾರಿತೋಷಕ ಇವರಿಬ್ಬರಿಗೆ ಸಂದಿತು.

ತೆರೆದ ಮೂಗು, ಕಟ್ಟಿದ ಉಸಿರು

ಈ ಎರಡನೆಯ ಪ್ರಯೋಗವನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ. ಧೂಳು, ಅಲರ್ಜಿ ಮೊದಲಾದ ಕಾರಣಗಳಿಂದ ಕೆಳಗಿನ ಮಡಿಕೆಗಳು ಬಹುಕಾಲ ಊದಿಕೊಂಡು ಉಸಿರಿಗೆ ಅಡ್ಡಿಯಾಗುವುದುಂಟು. ಔಷಧಗಳಿಂದ ಗುಣ ಕಾಣದಿದ್ದಾಗ ವೈದ್ಯರು ಅವನ್ನು ಶಸ್ತ್ರಚಿಕಿತ್ಸೆಯಿಂದ ಚಿಕ್ಕದಾಗಿಸುತ್ತಾರೆ. ಮಿತವಾಗಿ ಮಾಡಿದರೆ ಇದರಿಂದ ಒಳ್ಳೆಯದೇ ಆಗುತ್ತದೆ. ಆದರೆ ಮಡಿಕೆಯನ್ನು ಪೂರ್ತಿಯಾಗಿ ಇಲ್ಲವೆ ಬಹುಪಾಲು ಕತ್ತರಿಸಿ ತೆಗೆದ ಕೆಲವರಲ್ಲಿ ವಿಚಿತ್ರವಾದ ಸ್ಥಿತಿಯೊಂದು, ಎಷ್ಟೋ ವೇಳೆ ತಿಂಗಳುಗಳ ಅಥವಾ ವರ್ಷಗಳ ಬಳಿಕ, ತಲೆದೋರುತ್ತದೆ. ದೀಪ ಹಾಕಿ ನೋಡಿದರೆ ಮೂಗಿನೊಳಗೆ ವಿಶಾಲವಾದ ಬಯಲು. ರೋಗಿ ಹೇಳುವುದು ಮಾತ್ರ, ‘ಉಸಿರು ಕಟ್ಟುತ್ತದೆ, ಗಾಳಿ ಸಾಲದು’ ಎಂದು. ಗಾಳಿಯು ಪೊರೆಯನ್ನು ಉಜ್ಜದೆ ಬಯಲಿನ ನಡುವೆ ಧಾರೆಯಾಗಿ ಹರಿದುಹೋಗುತ್ತದೆ, ಉಳಿದ ನರತುದಿಗಳಿಗೆ ತಂಪು ತಗಲುವುದಿಲ್ಲ, ಗಾಳಿ ಬಂದ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ ಎಂದು ಸಂಶೋಧಕರು ಇದನ್ನು ವಿವರಿಸುತ್ತಾರೆ. ಇದರ ಜೊತೆಗೆ ಮೂಗು ಒಣಗುವುದು, ಹಕ್ಕಳೆ ಕಟ್ಟುವುದು, ಉರಿ, ನಿದ್ರಾಭಂಗ.

ಅಮೆರಿಕದ ಮೇಯೊ ಕ್ಲಿನಿಕ್ಕಿನ ಯೂಜೀನ್ ಕರ್ನ್ ಮತ್ತು ಮೋನಿಕಾ ಸ್ಟೆನ್‌ಕ್ವಿಸ್ಟ್ ೧೯೯೪ರಲ್ಲಿ ಇದಕ್ಕೆ ‘ಎಂಪ್ಟಿ ನೋಸ್’, ಎಂದರೆ ಬರಿದಾದ ಮೂಗು, ಎಂಬ ಹೆಸರನ್ನು ಕೊಟ್ಟರು. ಇದು ವಿರಳವಾದುದು. ಮಡಿಕೆ ತೆಗೆಸಿಕೊಂಡವರೆಲ್ಲರಿಗೂ ಬರುವುದಿಲ್ಲ, ಏಕೆ ಕೆಲವರಿಗಷ್ಟೇ ಬರುತ್ತದೆಂಬ ಚರ್ಚೆ ವೈದ್ಯರಲ್ಲಿ ಇನ್ನೂ ನಡೆದಿದೆ. ಆದರೆ ಬಂದವರ ಪಾಡು ಕಷ್ಟದ್ದು. ಮೂಗು ತೆರೆದಿರುವುದನ್ನು ಕಣ್ಣಾರೆ ಕಂಡ ವೈದ್ಯರೂ ಮನೆಯವರೂ ‘ಇದೆಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದುಬಿಡುವುದುಂಟು. ಉಸಿರಿನ ಸಂಕಟಕ್ಕೆ ನಂಬುವವರಿಲ್ಲದ ಸಂಕಟವೂ ಸೇರಿ ಹಲವರು ಖಿನ್ನತೆಗೆ ಒಳಗಾಗುತ್ತಾರೆ. ಅವರಿಗೆ ಮೊದಲು ಬೇಕಾದುದು ನಂಬಿಕೆ, ಬಳಿಕ ಚಿಕಿತ್ಸೆ.

ಹೊರಮೂಗು ಮತ್ತು ಒಳಮೂಗು

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಹಳೆಯ ಪ್ರಸಂಗವೊಂದನ್ನು ನೆನೆಯುವುದು ಉಚಿತ. ೧೭೯೨ರಲ್ಲಿ ಕೊನೆಗೊಂಡ ಮೈಸೂರಿನ ಮೂರನೆಯ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬವನು ಟೀಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕನು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿಬಿಟ್ಟರು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬನು ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಅಂಟು ಬಿಡದಂತೆ ತಿರುಗಿಸಿ, ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು ಚಿತ್ರಸಹಿತವಾಗಿ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ೧೮೧೪ರಲ್ಲಿ ಲಂಡನ್ನಿನಲ್ಲಿ ಇದೇ ಚಿಕಿತ್ಸೆಯನ್ನು ನಡೆಸಿದನು. ಆಧುನಿಕ ಪುನಾರಚನಾ ಶಸ್ತ್ರವೈದ್ಯಕ್ಕೆ ಇದು ನಾಂದಿಯಾಯಿತು.

ಹಣೆಯ ಚರ್ಮದಿಂದ ಹೊರಮೂಗನ್ನು ಕಟ್ಟಬಹುದು. ಒಳಮೂಗಿನ ಮಡಿಕೆಗೆ ಬದಲು ಕೊಡಬಲ್ಲ ಅಂಗವೋ ದೇಹದಲ್ಲಿ ಬೇರೆಲ್ಲಿಯೂ ಇಲ್ಲ. ರಕ್ತದಿಂದ ಉಬ್ಬಿ ಇಳಿಯುವ, ಲೋಳೆ ಸುರಿಸುವ, ತಂಪನ್ನು ಅರಿಯುವ ಆ ಪೊರೆ ಒಮ್ಮೆ ಹೋದರೆ ಹೋಯಿತು. ಪೊರೆಯ ಅಡಿಯಲ್ಲಿ ಮೃದ್ವಸ್ಥಿಯಂಥ ವಸ್ತುವನ್ನಿಟ್ಟು ಬಯಲನ್ನು ಕಿರಿದು ಮಾಡಿ ಸ್ವಲ್ಪ ಉಪಶಮನ ತರಬಹುದು, ಮೊದಲಿನ ಮಡಿಕೆಯನ್ನು ತರಲಾಗದು. ಈ ವ್ಯತ್ಯಾಸವನ್ನು ಶಸ್ತ್ರವೈದ್ಯರು ಅನುಭವದಿಂದಲೇ ಕಲಿತರು. ೧೯೦೨–೦೪ರ ಸುಮಾರಿಗೆ ಫ್ರೀರ್ ಮತ್ತು ಕಿಲಿಯನ್ ರೂಪಿಸಿದ ವಿಧಾನದಲ್ಲಿ ಸೊಟ್ಟಗಾದ ನಡುಗೋಡೆಯ ಹೆಚ್ಚಿನ ಭಾಗವನ್ನು ತೆಗೆದುಹಾಕುತ್ತಿದ್ದರು. ಕೆಲವರ ನಡುಗೋಡೆಯಲ್ಲಿ ತೂತು ಬಿದ್ದಿತು, ಕೆಲವರ ಮೂಗಿನ ದಿಣ್ಣೆ ಕುಸಿಯಿತು. ಆ ಬಳಿಕವೇ ಸೊಟ್ಟಗಿರುವುದನ್ನು ನೇರ ಮಾಡಿ ಆದಷ್ಟನ್ನು ಉಳಿಸಿಕೊಳ್ಳುವ ಪದ್ಧತಿ ಬಂದಿತು. ಮಡಿಕೆಗಳ ವಿಷಯದಲ್ಲಿಯೂ ಅಷ್ಟೆ. ಪೊರೆಯನ್ನು ಉಳಿಸಿ ಒಳಗಿನ ಊತವನ್ನಷ್ಟೇ ಕುಗ್ಗಿಸುವ, ಇಲ್ಲವೆ ಮಡಿಕೆಯನ್ನು ಪಕ್ಕಕ್ಕೆ ಸರಿಸುವ ವಿಧಾನಗಳಿಗೆ ಈಗ ಮನ್ನಣೆ ಹೆಚ್ಚು.

ತೆಗೆಯಲೇಬೇಕಾದ ಸಂದರ್ಭಗಳೂ ಉಂಟು. ೨೦೨೧ರಲ್ಲಿ ಕೋವಿಡ್ಡಿನ ಬೆನ್ನಿಗೆ ಕಪ್ಪು ಶಿಲೀಂಧ್ರದ ರೋಗ ಕರ್ನಾಟಕದಲ್ಲಿ ಹರಡಿದಾಗ, ಕೊಳೆತ ಮಡಿಕೆಗಳನ್ನೂ ಮೂಳೆಗಳನ್ನೂ ತೆಗೆದುಹಾಕಿಯೇ ಎಷ್ಟೋ ಜೀವಗಳನ್ನು ಉಳಿಸಬೇಕಾಯಿತು. ಪ್ರಾಣಕ್ಕೆ ಕುತ್ತು ಬಂದಾಗಿನ ಲೆಕ್ಕವೇ ಬೇರೆ, ಮೂಗು ಕಟ್ಟಿದಾಗಿನ ಲೆಕ್ಕವೇ ಬೇರೆ.

ಇತರ ತೊಡಕುಗಳು

ಚಿಕಿತ್ಸೆಯ ಬಳಿಕ ಕೆಲವು ದಿನ ಮೂಗು ಕಟ್ಟುವುದು, ಸ್ವಲ್ಪ ರಕ್ತ ಒಸರುವುದು ಸಹಜ. ಒಳಗಿನ ಗಾಯಗಳು ಒಂದಕ್ಕೊಂದು ಅಂಟಿಕೊಳ್ಳುವುದು, ವಾಸನೆಯ ಶಕ್ತಿ ಕುಂದುವುದು ಅಪರೂಪ. ಅಂದಕ್ಕಾಗಿ ಮೂಗನ್ನು ತೀರ ಕಿರಿದು ಮಾಡಿಸಿಕೊಂಡವರಲ್ಲಿ ಹೊಳ್ಳೆಯ ಬದಿ ಉಸಿರೆಳೆದಾಗಲೆಲ್ಲ ಒಳಕ್ಕೆ ಕುಸಿಯುವುದುಂಟು. ಸೈನಸ್ಸುಗಳೆಂಬ ಮುಖದ ಗಾಳಿಗೂಡುಗಳ ಚಿಕಿತ್ಸೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಅವುಗಳಿಗೂ ಕಣ್ಣು, ಮಿದುಳುಗಳಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ.

ಮನೆಗೆ ಬಂದ ಮೇಲೆ ನಿಲ್ಲದ ರಕ್ತಸ್ರಾವ, ಕಣ್ಣಿನ ಊತ, ದೃಷ್ಟಿ ಮಂಜಾಗುವುದು ಅಥವಾ ಎರಡೆರಡಾಗಿ ಕಾಣುವುದು, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು, ಜ್ವರದೊಡನೆ ತೀವ್ರವಾದ ತಲೆನೋವು ಮತ್ತು ಕತ್ತು ಬಿಗಿಯುವುದು, ದಿನದಿನಕ್ಕೆ ಹೆಚ್ಚುವ ನೋವಿನೊಡನೆ ಎರಡೂ ಹೊಳ್ಳೆ ಮುಚ್ಚುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ತಿಳಿನೀರು ಮಿದುಳಿನ ಸುತ್ತಲಿನ ದ್ರವವಾಗಿರಬಹುದು, ಮುಚ್ಚಿದ ಮೂಗಿನಲ್ಲಿ ರಕ್ತ ಮಡುಗಟ್ಟಿ ನಡುಗೋಡೆಯನ್ನು ಕೊಲ್ಲುತ್ತಿರಬಹುದು.

ಕೇಳಬೇಕಾದ ಮಾತುಗಳು

ಕಲಬುರಗಿ ಕಡೆಯ ರೈತನೊಬ್ಬನನ್ನು ವೈದ್ಯರು ‘ಆಪರೇಷನ್ ಮಾಡೋಣವೇ?’ ಎಂದರೆ ‘ಸಾಹೇಬ್ರ, ನೀವು ಹೇಳ್ದಂಗ ಆಗ್ಲಿ’ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಈ ವಿಶ್ವಾಸ ದೊಡ್ಡದು. ಆದರೆ ವಿಶ್ವಾಸ ಬೇರೆ, ಒಪ್ಪಿಗೆ ಬೇರೆ. ೨೦೦೮ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅದರ ಬದಲು ಇರುವ ಬೇರೆ ದಾರಿಗಳು, ಮುಖ್ಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇವನ್ನು ತಿಳಿದು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ. ಪರೀಕ್ಷೆಗೆಂದು ಪಡೆದ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು.

ಆದ್ದರಿಂದ ಮೂಗಿನ ಶಸ್ತ್ರಚಿಕಿತ್ಸೆಗೆ ಹೊರಟವರು ಕೆಲವು ಮಾತುಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಮೂಗಿನ ಯಾವ ಭಾಗದ ಮೇಲೆ ಶಸ್ತ್ರ ನಡೆಯುತ್ತದೆ? ಏನನ್ನಾದರೂ ತೆಗೆಯುವುದಾದರೆ ಎಷ್ಟನ್ನು ತೆಗೆಯುತ್ತೀರಿ, ಎಷ್ಟನ್ನು ಉಳಿಸುತ್ತೀರಿ? ಪೊರೆ ಉಳಿಯುವುದೇ? ಔಷಧದ ಸಿಂಪಡಿಕೆ, ಉಪ್ಪುನೀರಿನ ತೊಳೆತ, ಅಲರ್ಜಿಯ ಚಿಕಿತ್ಸೆ ಇವನ್ನು ಸಾಕಷ್ಟು ದಿನ ಮಾಡಿ ನೋಡಿದ್ದಾಯಿತೇ? ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬಹುದೇ? ಒಪ್ಪಿಗೆಪತ್ರ ತಿಳಿಯದ ಭಾಷೆಯಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಬೇಕು. ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಮೂಗು ಕಟ್ಟುವುದಕ್ಕೆ ಕಾರಣ ಧೂಳಾಗಿದ್ದರೆ ಶಸ್ತ್ರ ಧೂಳನ್ನು ನಿವಾರಿಸಲಾರದು. ಗಣಿಯಲ್ಲಿಯೂ ರಾಶಿಯ ಕಣದಲ್ಲಿಯೂ ಮುಖಕ್ಕೆ ಸರಿಯಾದ ಮುಸುಕು ಬೇಕು. ಮೂಗು ಬಿಡಿಸುವ ಹನಿಗಳನ್ನು ಒಂದು ವಾರಕ್ಕಿಂತ ಹೆಚ್ಚು ಕಾಲ ಹಾಕಿದರೆ ಆ ಹನಿಗಳೇ ಮಡಿಕೆಗಳನ್ನು ಊದಿಸುತ್ತವೆಂಬುದು ಹಲವರಿಗೆ ತಿಳಿಯದು. ತೊಳೆಯುವ ಉಪ್ಪುನೀರನ್ನು ಕುದಿಸಿ ಆರಿಸಿರಬೇಕು.

ಮನೆಯಲ್ಲಿ ತಂದೆಗೋ ಅಜ್ಜಿಗೋ ಇಂಥ ಚಿಕಿತ್ಸೆ ಗೊತ್ತಾದಾಗ ಓದುಬರಹ ಬಲ್ಲ ಮಕ್ಕಳೇ ಜೊತೆಯಲ್ಲಿ ಹೋಗುವುದು ವಾಡಿಕೆ. ನಮ್ಮ ವಾಚಕರಲ್ಲಿ ಹಲವರಿಗೆ ಆ ಹೊಣೆ ಎಂದಾದರೊಂದು ದಿನ ಬಂದೀತು. ಹೆಬ್ಬೆಟ್ಟು ಕಾಗದಕ್ಕೆ ಮುಟ್ಟುವ ಮೊದಲು ಅವರು ಹಿರಿಯರ ಪರವಾಗಿ ಈ ನಾಲ್ಕು ಮಾತುಗಳನ್ನು ಕೇಳಿದರೆ, ವಿಜ್ಞಾನವನ್ನು ಓದಿದ್ದು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.